ವಂದನಾರ್ಪಣೆಯಲ್ಲಿ ಬಿಟ್ಟ ಹೆಸರು

ಹಡಗಲಿಯಲ್ಲಿ ನಾನು ಹೈಸ್ಕೂಲ್ ಮೇಡಂ. ಹುಟ್ಟಿದ್ದು ಕೂಡ್ಲಿಗಿ. ಮದುವೆ, ಮಣ್ಣು ಬಿಟ್ಟರೆ ಆ ಊರಿಗೆ ಹೋಗುವವಳಲ್ಲ. ಹೋದ ವರ್ಷ ಹೋದೆ, ಅದೂ ಸೇಡಿಗೆ. ಸುಳ್ಳು ಯಾಕೆ ಹೇಳಲಿ.

ಕೂಡ್ಲಿಗಿಯಲ್ಲಿ ನಡೆಯಲಿದ್ದ ಜಿಲ್ಲಾ ಶಿಕ್ಷಕರ ಸಮಾವೇಶದ ಕಾರ್ಯದರ್ಶಿ ಫೋನ್ ಮಾಡಿದ್ದರು. "ಊರ ಮಗಳು ನೀವು. ಸ್ವಾಗತ, ನಿರೂಪಣಿ ಎಲ್ಲಾ ಹಂಚಿಕಿ ಆಗೇತ್ರಿ ಮೇಡಂ. ವಂದನಾರ್ಪಣಿ ಒಂದು ಉಳದೈತಿ. ನೀವ ಮಾಡ್ರಿ." ವಂದನಾರ್ಪಣೆ ಅಂದರೆ ಗೊತ್ತಲ್ಲ, ಒಗ್ಗರಣೆಯ ವಾಸನೆ ಬಂದು ಅರ್ಧ ಜನ ಎದ್ದು ನಿಂತ ಮೇಲೆ ಮಾಡುವ ಕೆಲಸ. ಆಗಲ್ಲ ಅನ್ನಬೇಕೆಂದಿದ್ದೆ. ಅಷ್ಟರಲ್ಲಿ ವಾಟ್ಸಾಪಿಗೆ ಆಹ್ವಾನ ಪತ್ರಿಕೆ ಬಂತು. ಸನ್ಮಾನಿತರು ಎಂಬಲ್ಲಿ ಒಬ್ಬರದೇ ಫೋಟೋ. ನನ್ನ ಏಳನೇ ಕ್ಲಾಸಿನ ಮೇಷ್ಟ್ರು. ಕೂದಲು ಬೆಳ್ಳಗಾಗಿತ್ತು, ಹಲ್ಲು ಕಟ್ಟಿಸಿದ್ದರು, ನಗು ಮಾತ್ರ ಅದೇ. ಮಾಡುತ್ತೇನೆ ಎಂದು ತಕ್ಷಣ ತಿಳಿಸಿದೆ.

ಅವರ ಹೆಸರು ಇಲ್ಲಿ ಬರೆಯುವುದಿಲ್ಲ. ಬರೆದರೆ ಅದೂ ಒಂದು ಸನ್ಮಾನವಾದೀತು. ‘ಬ’ದಿಂದ ಶುರುವಾಗುವ ಉದ್ದನೆಯ ಹೆಸರು, ಅಷ್ಟು ಸಾಕು. ಸಣ್ಣವಳಿದ್ದಾಗ ನನಗೆ ತೊದಲು. ‘ಬ’, ‘ಪ’ ಬಂದರೆ ತುಟಿ ಅಂಟಿಕೊಂಡುಬಿಡುತ್ತಿತ್ತು. ಮೇಷ್ಟ್ರಿಗೆ ಅಷ್ಟು ಸಿಕ್ಕರೆ ಸಾಕಾಗಿತ್ತು. ನೀರು ಕುಡಿಯಲೋ ಒಂದಕ್ಕೆ ಹೋಗಲೋ ನಾನು ಎದ್ದು ನಿಂತರೆ, "ಮೊದ್ಲು ನನ್ನ ಹೆಸರು ಹೇಳು, ಆಮ್ಯಾಲ ಹೋಗು" ಅನ್ನುತ್ತಿದ್ದರು. ಬೇರೆ ಮಕ್ಕಳಿಗೆ ಈ ಕಾನೂನು ಇರಲಿಲ್ಲ. ನಾನು ಬ ಬ ಬ ಅನ್ನುತ್ತಾ ನಿಲ್ಲುವುದು, ಅವರು ಕುರಿಯ ಹಾಗೆ ಬ್ಯಾ ಅನ್ನುವುದು, ಕ್ಲಾಸಿಗೆ ಕ್ಲಾಸೇ ನಗುವುದು. ಒಂದು ಮಧ್ಯಾಹ್ನ ಆ ಹೆಸರು ಹೊರಡಲೇ ಇಲ್ಲ. ಲಂಗ, ಕಾಲು, ನಿಂತ ಜಾಗ ಎಲ್ಲಾ ಒದ್ದೆಯಾಯಿತು. ನನ್ನ ಕೈಗೇ ಗೋಣಿಚೀಲ ಕೊಟ್ಟು ಒರೆಸಿಸಿದರು.

ಇಷ್ಟು ಬರೆದ ಮೇಲೆ ಅವರು, ಇವರು ಅನ್ನಲು ಮನಸ್ಸು ಬರುತ್ತಿಲ್ಲ. ಆತ ಅನ್ನುತ್ತೇನೆ.

ಮರುದಿನದಿಂದ ಶಾಲೆಯ ಕಡೆ ತಲೆ ಹಾಕಲಿಲ್ಲ. ಬಸ್ ಸ್ಟ್ಯಾಂಡಿನ ಹತ್ತಿರ ಅಪ್ಪನ ಸೈಕಲ್ ಶಾಪ್ ಇತ್ತು. ಬೈದರೂ ಬಡಿದರೂ ಅಪ್ಪನಿಗೆ ಕಾರಣ ಹೇಳಲಿಲ್ಲ, ಹೇಳುವಂಥ ಮಾತೇ ಅದು? ಕೊನೆಗೆ ಅವರೇ ಸೋತು ಹಂಪಸಾಗರದ ಸೋದರತ್ತೆಯ ಮನೆಯಲ್ಲಿ ಬಿಟ್ಟು, ಅಲ್ಲಿಯ ಶಾಲೆಗೆ ಸೇರಿಸಿ ಬಂದರು. ಸಾಯುವವರೆಗೂ ಅಪ್ಪ ಆ ಮನುಷ್ಯನಿಗೆ ಎದ್ದು ನಿಂತು ನಮಸ್ಕಾರ ಮಾಡುತ್ತಿದ್ದರು, ಮಗಳಿಗೆ ಅಕ್ಷರ ಕಲಿಸಿದ ಮೇಷ್ಟ್ರು ಅಂತ ಸೈಕಲ್ಲಿಗೆ ಪುಕ್ಕಟೆ ಪಂಕ್ಚರ್ ಹಾಕಿ ಕೊಡುತ್ತಿದ್ದರು. ಇದನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ.

ನಮ್ಮ ಕಡೆ ವಂದನಾರ್ಪಣೆಯಲ್ಲಿ ಹೆಸರು ಬಿಟ್ಟುಹೋಗುವುದು ಸಣ್ಣ ಮಾತಲ್ಲ. ಶಾಮಿಯಾನದವನನ್ನು ಮರೆತರೆ ಮುಂದಿನ ಕಾರ್ಯಕ್ರಮಕ್ಕೆ ಹರಿದ ಶಾಮಿಯಾನವೇ ಗತಿ. ಹೆಸರು ಬಿಟ್ಟರೆಂದು ಬೀಗರು ಮಾತು ಬಿಟ್ಟದ್ದುಂಟು. ಹಾಗಾಗಿ ನನ್ನ ಹೂಟ ಸರಳವಾಗಿತ್ತು. ಎಲ್ಲರ ಹೆಸರು ಹೇಳುವುದು, ಆತನದು ಬಿಡುವುದು. ಬೇಕೆಂದೇ ಬಿಟ್ಟಿದ್ದೇನೆ ಎಂದು ಆತನಿಗೆ ತಿಳಿಯಬೇಕು, ಅಷ್ಟು ಜನ ಮೇಷ್ಟ್ರುಗಳ ಮುಂದೆ ಮುಖ ಸಣ್ಣದಾಗಬೇಕು. ಇನ್ನೇನೂ ಬೇಡವಾಗಿತ್ತು ನನಗೆ.

ಹಗರಿಬೊಮ್ಮನಹಳ್ಳಿಯಲ್ಲಿ ಬಸ್ ಬದಲಿಸಿ ಬಂದೆ. ಕಲ್ಯಾಣ ಮಂಟಪ ತುಂಬಿತ್ತು. ಒಬ್ಬರಾದ ಮೇಲೆ ಒಬ್ಬರು ಆತನನ್ನು ಹೊಗಳಿದ್ದೇ ಹೊಗಳಿದ್ದು. ಮಕ್ಕಳೆಂದರೆ ಪ್ರಾಣವಂತೆ. ಆತನ ಏಟು ತಿಂದವರೆಲ್ಲ ಉದ್ಧಾರವಾಗಿದ್ದಾರಂತೆ. ಶಾಲು, ಪೇಟ, ಕುತ್ತಿಗೆ ಮುಳುಗುವಷ್ಟು ಹಾರ. ಚಪ್ಪಾಳೆಗೆ ನಾನು ಕೈ ಎತ್ತಲಿಲ್ಲ.

ನನ್ನ ಸರದಿ ಬಂತು. ಅಧ್ಯಕ್ಷರು, ಅತಿಥಿಗಳು, ಜಾಗ ಕೊಟ್ಟವರು, ಬ್ಯಾನರ್ ಬರೆದವರು, ಮೈಕಿನವರು, ಅಡುಗೆಯವರು, ನೀರು ಹೊತ್ತು ತಂದ ಹೆಂಗಸರು, ಒಬ್ಬೊಬ್ಬರದೂ ಹೆಸರು ಹಿಡಿದು ಹೇಳಿದೆ. ಆತ ಪ್ರತಿ ಹೆಸರಿಗೂ ಕುರ್ಚಿಯಲ್ಲಿ ಸ್ವಲ್ಪ ಮುಂದೆ ಸರಿಯುತ್ತಿದ್ದ, ಶಾಲು ಸರಿಮಾಡಿಕೊಳ್ಳುತ್ತಿದ್ದ. ನಾನು ಆತನ ಮುಖ ನೋಡುತ್ತಲೇ ಎಲ್ಲರಿಗೂ ನಮಸ್ಕಾರ ಎಂದು ಮುಗಿಸಿದೆ. ಕಾರ್ಯದರ್ಶಿ ಓಡಿ ಬಂದು ಕಿವಿಯಲ್ಲಿ, "ಮೇಡಂ, ಸರ್ ಹೆಸರು ಬಿಟ್ರಲ್ರಿ" ಅಂದರು. ಗೊತ್ತಿದೆ ಅನ್ನುವಷ್ಟರಲ್ಲಿ ಆತನೇ ಎದ್ದು ಬಂದು ನನ್ನ ಕೈಯಿಂದ ಮೈಕ್ ತಗೊಂಡ.

"ಇರ್ಲಿ ಬಿಡ್ರಪಾ, ಆಕಿನ್ನ ಬೈಬ್ಯಾಡ್ರಿ," ಅಂದ, ನಗುತ್ತಾ. "ಆಕಿ ನನ್ನ ಶಿಷ್ಯೆ. ಸಣ್ಣಾಕಿದ್ದಾಗಿಂದ ನನ್ನ ಹೆಸರು ಆಕಿ ಬಾಯಾಗ ಹೊಳ್ಳೂದಿಲ್ಲ. ಬ ಬ ಬ ಅಂತ ನಿಲ್ತಿದ್ಲು." ಸಭೆಗೆ ಸಭೆಯೇ ನಕ್ಕಿತು. "ಅಂಥ ಹುಡುಗಿ ಇವತ್ತು ಮೈಕಿನ ಮುಂದ ನಿಂತಾಳಂದ್ರ, ಕಲಿಸಿದವ್ರಿಗೆ ಇದಕ್ಕಿಂತ ಹೆಮ್ಮಿ ಏನೈತ್ರಿ?" ಚಪ್ಪಾಳೆ ಬಿತ್ತು, ಶಾಲು ಹೊದಿಸಿದಾಗ ಬಿದ್ದದ್ದಕ್ಕಿಂತ ಜೋರಾಗಿ.

ನೋಡಿ ಈ ಮನುಷ್ಯನ ಜಾಣತನ. ನಾನು ಬಡಿಯಲು ತಂದ ಕೋಲನ್ನೇ ಊರುಗೋಲು ಮಾಡಿಕೊಂಡು ಕುರ್ಚಿಗೆ ಹೋಗಿ ಕೂತ. ಈಗ ಸುಮ್ಮನೆ ಕೆಳಗಿಳಿದರೆ ಹೆಸರು ಬಿಟ್ಟದ್ದೂ ಆತನ ದೊಡ್ಡಸ್ತಿಕೆಯ ಕಥೆಯಾಗುತ್ತದೆ. ಇಳಿಯದಿದ್ದರೆ ಆ ಲಂಗದ ಮಾತು ಆಡಬೇಕು. ಗಂಡನಿಗೂ ಹೇಳದ ಮಾತು. ನನ್ನ ಜೊತೆ ಕೆಲಸ ಮಾಡುವವರೆಲ್ಲ ಅಲ್ಲೇ ಕೂತಿದ್ದಾರೆ, ನಾಳೆಯಿಂದ ಸ್ಟಾಫ್ ರೂಮಿನಲ್ಲಿ ಅವರ ಮುಖ ನೋಡಬೇಕು. ಮರ್ಯಾದೆ ಹೋದರೆ ಇಬ್ಬರದೂ ಹೋಗಲಿ ಅನ್ನಿಸಿತು.

ಮೈಕ್ ಮತ್ತೆ ಕೈಗೆ ತಗೊಂಡೆ. ಆತನ ಪೂರ್ತಿ ಹೆಸರು, ಮನೆತನದ ಹೆಸರು, ಡಿಗ್ರಿ ಸಮೇತ ಒಂದೇ ಉಸಿರಿಗೆ ಹೇಳಿದೆ. ಹಂಪಸಾಗರದಲ್ಲಿ ಅತ್ತೆಯ ಎಮ್ಮೆಗಳ ಮುಂದೆ ನಿಂತು ವರ್ಷಗಟ್ಟಲೆ ಬಾಯಿ ತಿರುಗಿಸಿ ಕಲಿತ ಹೆಸರದು. ನನಗೆ ಮಾತು ಬಂದದ್ದು ಯಾವ ಮೇಷ್ಟ್ರಿಂದಲೂ ಅಲ್ಲ, ಸಿಟ್ಟಿನಿಂದ.

"ಹೆಸರು ಹೊಳ್ಳತೈತ್ರಿ," ಅಂದೆ. "ಬೇಕಂತನ ಬಿಟ್ಟೀನಿ. ಒಂದಕ್ಕ ಹೋಗ್ತೀನ್ರಿ ಸರ್ ಅಂದ್ರ, ನನ್ನ ಹೆಸರು ಹೇಳಿ ಹೋಗು ಅಂತಿದ್ರು ಇವರು. ಹೇಳಾಕ ಬರಲಿಲ್ಲ. ಏಳನೇ ಕ್ಲಾಸಿನ ಹುಡುಗಿ, ಎಲ್ಲಾರ ಮುಂದ ಲಂಗದಾಗ ಉಚ್ಚಿ ಹೊಯ್ಕೊಂಡೆ. ಒರಿಸಿದಾಕೀನೂ ನಾನ. ನೀವೆಲ್ಲಾ ಮಕ್ಕಳಿಗೆ ಕಲಿಸೋರು. ಇದಕ್ಕ ವಂದನಿ ಹೆಂಗ ಹೇಳ್ಬೇಕಂತ ಗೊತ್ತಿದ್ರ ನನಗೂ ಕಲಿಸ್ರಿ."

ಆತನ ಮುಖದ ಮೇಲೆ ನಗು ಇನ್ನೂ ಇತ್ತು, ಅದನ್ನು ಎಲ್ಲಿಡಬೇಕೆಂದು ಆತನಿಗೆ ತಿಳಿಯುತ್ತಿರಲಿಲ್ಲ.

"ಚೇಷ್ಟಿಗೆ ಮಾಡ್ತಿದ್ನವ್ವಾ ಅವಾಗ," ಅಂದ.

"ನಾನು ಚೇಷ್ಟಿ ಮಾಡಾಕತ್ತಿಲ್ರಿ ಸರ್," ಅಂದೆ.

ಮೈಕಿನವನಿಗೆ ಮೈಕ್ ಕೊಟ್ಟು ಇಳಿದೆ. ನಮ್ಮಲ್ಲಿ ಸನ್ಮಾನ ಮಾಡಿಸಿಕೊಂಡವರನ್ನು ಕೈಹಿಡಿದು ಕರೆದೊಯ್ದು ಮೊದಲ ಎಲೆಗೆ ಕೂರಿಸಬೇಕು, ಅವರು ತುತ್ತು ಎತ್ತಿದ ಮೇಲೆಯೇ ಉಳಿದವರು. ಅವತ್ತು ಜನ ಒಬ್ಬೊಬ್ಬರೇ ವೇದಿಕೆಯ ಕಡೆ ನೋಡದೆ ಎದ್ದು ಹೋಗಿ ಎಲೆಗೆ ಕೂತರು. ನಾನೂ ಕೂತೆ. ಬಾಗಿಲಿನಿಂದ ವೇದಿಕೆ ಕಾಣುತ್ತಿತ್ತು. ಆತ ಪೇಟ ತೊಟ್ಟುಕೊಂಡೇ ಕುರ್ಚಿಯಲ್ಲಿದ್ದ, ಯಾರಾದರೂ ಬಂದು ಏಳಿಸುತ್ತಾರೆಂದು ಕಾಯುತ್ತಿದ್ದ. ನಾನು ಹೋಳಿಗೆಗೆ ಇನ್ನಷ್ಟು ತುಪ್ಪ ಹಾಕಿಸಿಕೊಂಡೆ.