ಕೆಂಪು ಪಿಕಪ್ಪಿಗೆ ಎತ್ತಿದ ಬೆರಳು

ನೆಬ್ರಾಸ್ಕಾದ ನಮ್ಮ ಪ್ಲಮ್ ಫೋರ್ಕ್ ಊರಿನಲ್ಲಿ ಮಾರ್ಲಿಸ್ ವೊಂಡ್ರಾ ಬಹುಕಾಲ ವಕೀಲರಾಗಿದ್ದರು. ತಂದೆ ಧಾನ್ಯದ ಗೋದಾಮಿನಲ್ಲಿ ತೂಕ ಹಾಕುತ್ತಿದ್ದವರು. ಮಗಳು ಲಿಂಕನ್ ನಗರಕ್ಕೆ ಹೋಗಿ ಕಾನೂನು ಓದಿ, ಅಲ್ಲೇ ನಿಲ್ಲದೆ ಹಿಂತಿರುಗಿ, ಕ್ಷೌರದಂಗಡಿಯ ಮಹಡಿಯಲ್ಲಿ ಕಚೇರಿ ತೆರೆದರು. ಆದರೆ ಕಚೇರಿಯಲ್ಲಿ ಅವರು ಸಿಗುತ್ತಿದ್ದುದು ಕಡಿಮೆ. ಕಕ್ಷಿದಾರರ ಅಡುಗೆಮನೆಗೇ ಹೋಗಿ ಕೂರುತ್ತಿದ್ದರು. ಎರಡನೆಯ ಲೋಟ ಕಾಫಿ ಮುಗಿಯುವವರೆಗೆ ಕಾಗದ ಬಿಚ್ಚುತ್ತಿರಲಿಲ್ಲ.

“ಮೊದಲ್ನೇ ಲೋಟಕ್ಕೆ ಜನ ಸಿಟ್ಟು ಹೇಳ್ತಾರೆ, ಎರಡನೇದಕ್ಕೆ ನಿಜ ಹೇಳ್ತಾರೆ” ಎನ್ನುತ್ತಿದ್ದರಂತೆ.

ಅವರನ್ನು ಗವರ್ನರ್ ಕೌಂಟಿಯ ನ್ಯಾಯಾಧೀಶರನ್ನಾಗಿ ನೇಮಿಸಿದ ಮೇಲೆ ಆ ಕಾಫಿ ನಿಂತಿತು. ನಾಳೆ ಯಾರು ಕೋರ್ಟಿಗೆ ಬರುವರೋ ಎಂದು ಯಾರ ಮನೆಗೂ ಹೋಗಲಿಲ್ಲ. ರಸ್ತೆಯಲ್ಲಿ ಎದುರಾದವರಿಗೆ ನಮಸ್ಕಾರವೆಂಬಂತೆ ಸ್ಟಿಯರಿಂಗ್ ಮೇಲಿಂದ ತೋರುಬೆರಳು ಎತ್ತುವುದನ್ನು ಮಾತ್ರ ಬಿಡಲಿಲ್ಲ. ಅದನ್ನು ನಮ್ಮಲ್ಲಿ ಯಾರೂ ಬಿಡುವುದಿಲ್ಲ.

ಶಾಲೆ ಬಿಟ್ಟ ನನಗೆ ತಮ್ಮ ಮನೆಯಲ್ಲಿ ಇರಲು ಕೋಣೆ ಕೊಟ್ಟವರು ವರ್ಡಾ ಅಜ್ಜಿ. ಕಳೆದ ವಸಂತದಲ್ಲಿ ಅವರ ಅಣ್ಣನ ಮಗ ಡ್ವೇನ್, ಅತ್ತೆಯ ಬುದ್ಧಿ ಸ್ಥಿಮಿತದಲ್ಲಿಲ್ಲ, ತನ್ನನ್ನು ಅವರ ಪಾಲಕನನ್ನಾಗಿ ಮಾಡಬೇಕು ಎಂದು ಅರ್ಜಿ ಹಾಕಿದ. ಅದು ಮಂಜೂರಾದರೆ ಅಜ್ಜಿ ಮನೆ ಬಿಟ್ಟು ವೃದ್ಧಾಶ್ರಮ ಸೇರಬೇಕಿತ್ತು. ಮಾರ್ಲಿಸ್ ಅವರ ಕೋರ್ಟಿನಲ್ಲಿ ವಿಚಾರಣೆ ನಡೆಯಿತು. ಬುದ್ಧಿ ಸರಿಯಾಗಿದೆ ಎಂದು ಡಾಕ್ಟರು ಹೇಳಿದರೂ ಡ್ವೇನ್ ಪಟ್ಟು ಬಿಡಲಿಲ್ಲ.

“ರಸ್ತೇಲಿ ನಾನು ಎದುರಿಗೆ ಬಂದ್ರೆ ಅತ್ತೆ ತಿರುಗಿ ನೋಡಲ್ಲ, ಜಡ್ಜಮ್ಮ. ಆ ಪಕ್ಕದ ಹೊಲದ ಲೈಲ್‌ಗೆ ಬೆರಳೆತ್ತಿ, ‘ಏನೋ ಡ್ವೇನ್, ಜೋಳ ಬಿತ್ತಿದ್ಯಾ?’ ಅಂತಾರೆ. ಸ್ವಂತ ಅಳಿಯನ ಗುರುತೇ ಇಲ್ಲ!”

ಅಜ್ಜಿ ತಲೆ ತಗ್ಗಿಸಿದರು. ನ್ಯಾಯಾಧೀಶರು ಕನ್ನಡಕ ತೆಗೆದರು.

“ನಿಮ್ಮ ಹಳೇ ಕೆಂಪು ಪಿಕಪ್ಪು ಈಗ ಎಲ್ಲಿದೆ, ಡ್ವೇನ್?”

“ಲೈಲ್‌ಗೆ ಮಾರ್ದೆ. ನಂದೀಗ ಬಿಳೀದು.”

“ಸರಿ. ಆ ಕೆಂಪು ಪಿಕಪ್ಪು ಕಂಡು, ಡ್ವೇನ್ ಬಂದ ಅಂತ ಬೆರಳೆತ್ತಿದೋರು ಇಲ್ಲಿ ಯಾರಿದ್ದೀರಿ?”

ಮೊದಲು ಶೆರಿಫ್ ಬೆರಳೆತ್ತಿದರು. ಆಮೇಲೆ ಗುಮಾಸ್ತೆ, ಹಿಂದೆ ಕುಳಿತಿದ್ದ ಪಾದ್ರಿ. ಸಾಕ್ಷಿಗೆಂದು ಬಂದಿದ್ದ ಲೈಲ್, “ಊರಿಗೂರೇ ನನ್ನ ಡ್ವೇನ್ ಅಂತ ಕೂಗುತ್ತೆ. ನಾನೂ ಓಗೊಟ್ಟು ಓಗೊಟ್ಟು ಅಭ್ಯಾಸ ಆಗೋಗಿದೆ” ಎಂದ. ಕೊನೆಗೆ ಡ್ವೇನನ ವಕೀಲರ ಬೆರಳೂ ಮೆಲ್ಲಗೆ ಮೇಲೆದ್ದಿತು.

“ನೀವೂನಾ?” ಎಂದು ಡ್ವೇನ್ ಬೆರಗಾದ.

“ಹಾಗಾದ್ರೆ ಊರಿಗೆಲ್ಲ ಪಾಲಕರು ಬೇಕಾಗುತ್ತೆ,” ಎನ್ನುತ್ತ ನ್ಯಾಯಾಧೀಶರು ತಮ್ಮ ಬೆರಳನ್ನೂ ಎತ್ತಿದರು. “ನಾವು ನೋಡೋದು ಗಾಡಿ, ಮುಖ ಅಲ್ಲ. ಡ್ವೇನ್, ಅತ್ತೆ ಮನೇಲಿ ಕೂತು ಕಾಫಿ ಕುಡಿದು ಎಷ್ಟು ಕಾಲ ಆಯ್ತು?”

ಡ್ವೇನ್ ಅತ್ತೆಯ ಕಡೆ ತಿರುಗಿದ.

“ಅರ್ಜಿ ವಜಾ. ಹೋಗಿ ಕುಡೀರಿ. ಎರಡು ಲೋಟ.”

ಆ ಭಾನುವಾರ ಡ್ವೇನ್ ಬಂದ. ಮೊದಲ ಲೋಟಕ್ಕೆ ಸಿಟ್ಟು ಹೇಳಿದ. ಎರಡನೆಯದಕ್ಕೆ, “ಚಳೀಲಿ, ಮನೇಲಿ ಯಾರೂ ಇಲ್ದಾಗ ನೀವು ಬಿದ್ದುಬಿಟ್ರೆ ಅಂತ ಭಯ, ಅತ್ತೆ” ಎಂದ. ಅಜ್ಜಿ ಅವನ ತಟ್ಟೆಗೆ ಹಣ್ಣಿನ ಹೂರಣದ ಇನ್ನೊಂದು ಕೊಲಾಚೆ ಬನ್ನು ಹಾಕಿ, “ಮೊದ್ಲೇ ಹೇಳೋಕೇನಾಗಿತ್ತೋ, ದಡ್ಡ!” ಎಂದರು.

ಅಜ್ಜಿ ಇನ್ನೂ ತಮ್ಮ ಮನೆಯಲ್ಲೇ ಇದ್ದಾರೆ. ಅದರಿಂದಾಗಿ ನಾನೂ ಇದ್ದೇನೆ. ನ್ಯಾಯಾಧೀಶರನ್ನು ಕಾಫಿಗೆ ಕರೆಯುವಂತಿಲ್ಲ. ಆದ್ದರಿಂದ ಅವರ ಬೂದು ಬಣ್ಣದ ಕಾರು ಕಂಡಾಗಲೆಲ್ಲ ಬೆರಳೆತ್ತುತ್ತೇನೆ. ಎಷ್ಟೋ ಸಲ ಒಳಗಿರುವುದು ಅವರ ಗಂಡ. ಆದರೂ ಎತ್ತುತ್ತೇನೆ.