ಲಾಭದಿಂದ ಎಣಿಸಿದ ಲೆಕ್ಕ

ನಮ್ಮಪ್ಪ ಗದಗಿನ ಪೇಟೆಯಲ್ಲಿ ಕಾಳು ಅಳೆಯುತ್ತಿದ್ದ. ಮೊದಲ ಸೇರು ಸುರಿಯುವಾಗ ಒಂದು ಎನ್ನುತ್ತಿರಲಿಲ್ಲ, ‘ಲಾಭ’ ಎನ್ನುತ್ತಿದ್ದ; ಆಮೇಲೆ ಎರಡು, ಮೂರು. ಹಾಗೆ ಎಣಿಸಿದರೆ ರಾಶಿ ಹುಲುಸಾಗುತ್ತದೆಂದು ನಂಬಿಕೆ. ಆ ಚಟ ನನಗೂ ಅಂಟಿತ್ತು. ಲಕ್ಷ್ಮೇಶ್ವರದ ಹೈಸ್ಕೂಲಿನಲ್ಲಿ ಗಣಿತ ಹೇಳುವಾಗಲೂ ಮೊದಲ ಸಾಲಿಗೆ ‘ಲಾ’ ಎಂದು ಬರೆದು, ಹುಡುಗರು ನಕ್ಕಮೇಲೆ ಅಳಿಸುತ್ತಿದ್ದೆ.

ಆಗಷ್ಟೇ ನಮ್ಮ ಊರುಗಳು ಮುಂಬಯಿ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದ್ದವು. ಧಾರವಾಡದ ವಿಶ್ವವಿದ್ಯಾಲಯದಲ್ಲಿ ಒಬ್ಬನಿಗೆ ಮಾತ್ರ ಸಂಶೋಧನೆಯ ಜಾಗವಿತ್ತು, ಲೇಖನ ನೋಡಿ ಕೊಡುತ್ತಿದ್ದರು. ನನಗಿದ್ದದ್ದು ಅದೊಂದೇ ಬಾಗಿಲು.

ನಾನು ಹಿಡಿದದ್ದು ಹುಚ್ಚೆದ್ದು ಬೆಳೆಯುವ ಲೆಕ್ಕ. ಕೂಡುವುದನ್ನೇ ಮತ್ತೆ ಮತ್ತೆ ಮಾಡಿದರೆ ಗುಣಾಕಾರ, ಗುಣಾಕಾರವನ್ನು ಮತ್ತೆ ಮತ್ತೆ ಮಾಡಿದರೆ ಘಾತ, ಘಾತವನ್ನೂ ಹಾಗೆಯೇ ಮಾಡಿದರೆ ಮುಂದಿನ ಸಾಲು. ಬರೀ ಮೂರು, ಮೂರು ಇಟ್ಟು ನೋಡಿ: ಆರು, ಒಂಬತ್ತು, ಇಪ್ಪತ್ತೇಳು, ನಾಲ್ಕನೆಯ ಸಾಲಿಗೆ ಏಳು ಲಕ್ಷ ಕೋಟಿ ದಾಟುತ್ತದೆ. ಐದನೆಯದನ್ನು ಬರೆಯಲು ಭೂಮಿಯ ಮೇಲಿನ ಕಾಗದ ಸಾಲದು. ಇನ್ನು ಮೊದಲ ಸಂಖ್ಯೆಗೆ ಮೊದಲ ಸಾಲು, ಎರಡಕ್ಕೆ ಎರಡನೆಯದು, ಹೀಗೆ ಸಾಲು ಹತ್ತುತ್ತಲೇ ಹೋಗುವ ಲೆಕ್ಕ ಕಟ್ಟಿದರೆ, ಅದು ಮುಂದೆ ಎಲ್ಲ ಸಾಲುಗಳನ್ನೂ ಹಿಂದೆ ಹಾಕುತ್ತದೆ. ಪರದೇಶದವರು ಇದನ್ನು ಆಗಲೇ ಕಂಡಿದ್ದರು. ನನ್ನದು ಅದು ನಿಜವೆಂದು ತೋರಿಸುವ ಒಂದು ಚಿಕ್ಕ, ಹೊಸ ಸಾಧನೆ.

ಪ್ರತಿ ರವಿವಾರ ಬೆಟಗೇರಿಗೆ ಹೋಗಿ ಗೆಳೆಯನಿಗೆ ಅದನ್ನು ವಿವರಿಸುತ್ತಿದ್ದೆ. ವಕೀಲರ ಮಗ, ಕಾಲೇಜಿನಲ್ಲಿ ನನ್ನ ಪಕ್ಕ ಕೂತವನು. ನನ್ನ ವಹಿಯ ಮೊದಲ ಸಾಲಿನ ‘ಲಾ’ ಅಂದರೇನೆಂದು ಕೇಳಿದ. ಅಪ್ಪನ ಸೇರಿನ ಕಥೆ ಹೇಳಿದೆ. ಒಮ್ಮೆ ಓದಿ ಕೊಡುತ್ತೇನೆಂದು ವಹಿ ಇಟ್ಟುಕೊಂಡ. ಎರಡು ವಾರ ಬಿಟ್ಟು ಮರಳಿಸಿದ.

‘ನಡುವ ಎಲ್ಲೋ ತಪ್ಪೈತಿ ಲೇ. ಈಗ ಕಳಸಬ್ಯಾಡ, ಸಾವಕಾಶ ನೋಡು,’ ಎಂದ.

ಎಂಥ ಪೆದ್ದ ನಾನು! ಇಲ್ಲದ ತಪ್ಪು ಹುಡುಕುತ್ತ ಕೂತೆ.

ಧಾರವಾಡದಲ್ಲಿ ಅವನು ಲೇಖನ ಓದುತ್ತಾನೆಂದು ಖಬರು ಬಂದಾಗ ಖುಷಿಯಿಂದಲೇ ಹೋದೆ. ಕರಿಹಲಗೆಯ ಮೊದಲ ಸಾಲಿಗೆ ಅವನು ‘ಲಾ’ ಎಂದು ಬರೆದ. ಮುಂದಿನ ಒಂದೊಂದು ಸಾಲೂ ನನ್ನದೇ. ಉಂಡ ಮನೆಯ ಜಂತಿ ಎಣಿಸುವವರನ್ನು ಕಂಡಿದ್ದೆ, ಇವನು ಜಂತಿಯನ್ನೇ ಕಿತ್ತೊಯ್ದಿದ್ದ.

‘ಲಾ’ ಅಂದರೇನೆಂದು ಹಿರಿಯ ಪ್ರಾಧ್ಯಾಪಕರು ಕೇಳಿದರು. ಸಿಕ್ಕಿಬಿದ್ದ ಮಗ, ಎಂದುಕೊಂಡೆ. ಅವನು ತಡವರಿಸಲೂ ಇಲ್ಲ.

‘ನಮ್ಮಪ್ಪ ಗದಗ ಪ್ಯಾಟ್ಯಾಗ ಕಾಳು ಅಳೀತಿದ್ರಿ, ಸರ. ಮೊದಲನೇ ಸೇರಿಗೆ ಒಂದು ಅಂತಿರಲಿಲ್ರಿ.’

ಸಭೆ ತಲೆದೂಗಿತು. ನಾನು ಎದ್ದು ಹೊರಗೆ ನಡೆದೆ. ಜಾಗ ಅವನಿಗೇ ಆಯಿತು.

ಗದಗಿನ ಮನೆಯಲ್ಲಿ ಅಪ್ಪ, ಗೆಳೆಯ ಚಲೋ ಹೇಳಿದನೇನು ಎಂದು ಕೇಳಿದ. ಚಲೋ ಹೇಳಿದ, ನಿನ್ನ ಸೇರಿನ ಸುದ್ದಿಯನ್ನೂ ಹೇಳಿದ ಎಂದೆ.

‘ಧಾರವಾಡದಾಗ? ಅಷ್ಟು ದೊಡ್ಡವರ ಮುಂದ ನನ್ನ ಸುದ್ದಿ?’ ಅಪ್ಪ ಹಿಗ್ಗಿಹೋದ. ಮರುದಿನ ಪೇಟೆಯಲ್ಲೆಲ್ಲ ಹೇಳಿಕೊಂಡು ಬಂದ.

ಆ ಸಭೆಯಲ್ಲಿ ಅವನು ಯಾರ ಅಪ್ಪನಾಗಿದ್ದ ಎಂಬುದನ್ನು ಅಪ್ಪ ಸಾಯುವವರೆಗೂ ನಾನು ಅವನಿಗೆ ಹೇಳಲಿಲ್ಲ.