ಬಂದವಳಿಗೆ ಹಾಕಿದ ಆಬ್ಸೆಂಟ್

ಹೋಂವರ್ಕ್ ಮಾಡದೆ ಬಂದವರು ನನ್ನ ಕ್ಲಾಸಿಗೆ ಬಂದೇ ಇಲ್ಲ ಎಂದರ್ಥ. ಇದು ನಾನೇ ಮಾಡಿಕೊಂಡಿದ್ದ ಕಾನೂನು. ಬಸವೇಶ್ವರನಗರದ ಒಂದು ಹೈಸ್ಕೂಲಿನಲ್ಲಿ ಇಪ್ಪತ್ತೆರಡು ವರ್ಷದಿಂದ ಗಣಿತ ಹೇಳಿಕೊಡುತ್ತಿದ್ದೇನೆ. ಒಂಬತ್ತನೇ ಕ್ಲಾಸಿಗೆ ಕ್ಲಾಸ್ ಟೀಚರೂ ನಾನೇ, ಮೊದಲ ಪೀರಿಯಡ್ಡೂ ನನ್ನದೇ. ಹಾಜರಿ ಕರೆದಾಗ ಒಬ್ಬೊಬ್ಬರಾಗಿ ಎದ್ದು ಬಂದು, ಹೋಂವರ್ಕ್ ನೋಟ್‌ಬುಕ್ಕನ್ನು ಮೇಜಿನ ಮೇಲಿಟ್ಟು "ಪ್ರೆಸೆಂಟ್ ಮಿಸ್" ಅನ್ನಬೇಕು. ನೋಟ್‌ಬುಕ್ ಇಲ್ಲದ ಬಾಯಿಮಾತಿನ ಪ್ರೆಸೆಂಟು ನನ್ನ ಹತ್ತಿರ ನಡೆಯುತ್ತಿರಲಿಲ್ಲ. ಕೆಂಪು ಪೆನ್ನಿನಲ್ಲಿ ಒಂದು 'ಎ' ಬೀಳುತ್ತಿತ್ತು. "ನೀನು ಆಟಕ್ಕುಂಟು ಲೆಕ್ಕಕ್ಕಿಲ್ಲ ಕಣೇ, ಹೋಗಿ ಕೂತ್ಕೋ" ಎಂದರೆ ಇಡೀ ಕ್ಲಾಸು ನಗುತ್ತಿತ್ತು. ಗಣಿತದ ಕ್ಲಾಸಿನಲ್ಲೂ ನಗಿಸುತ್ತೇನೆಂದು ನನಗೆ ಜಂಬ ಬೇರೆ.

ಈಗ ಮಕ್ಕಳ ಮೈ ಮುಟ್ಟುವಂತಿಲ್ಲ, ಹೊರಗೆ ನಿಲ್ಲಿಸುವಂತಿಲ್ಲ. ನನ್ನ ಕೈಯಲ್ಲಿ ಉಳಿದಿದ್ದದ್ದು ಆ ಒಂದು ಪೆನ್ನು. ಬಾಕಿ ಹೋಂವರ್ಕ್ ಮುಗಿಸಿ ತೋರಿಸಿದವರ 'ಎ'ಗಳನ್ನು ತಿಂಗಳ ಕೊನೆಯಲ್ಲಿ ತಿದ್ದಿಬಿಡುತ್ತಿದ್ದೆ. ವರ್ಷಗಟ್ಟಲೆ ಯಾರಿಗೂ ಏನೂ ಆಗಿರಲಿಲ್ಲ.

ಈ ವರ್ಷ ಜುಲೈ ಕೊನೆಯಲ್ಲಿ ಒಂದು ಸರ್ಕ್ಯುಲರ್ ಬಂತು. ಹಾಜರಿ ಪುಸ್ತಕವನ್ನು ಮೊದಲ ಪೀರಿಯಡ್ ಮುಗಿದೊಡನೆ ಆಫೀಸಿಗೆ ಕಳಿಸಬೇಕು, ಅದನ್ನು ಅಲ್ಲಿ ಕಂಪ್ಯೂಟರಿಗೆ ಹಾಕುತ್ತಾರೆ, ಬಾರದ ಮಕ್ಕಳ ಮನೆಗೆ ಕೂಡಲೇ ಮೆಸೇಜ್ ಹೋಗುತ್ತದೆ. ಇದೆಲ್ಲ ಅದರ ಎರಡನೇ ಪುಟದಲ್ಲಿತ್ತು. ಸಮೀಕರಣದಲ್ಲಿ ಒಂದು ಹೆಜ್ಜೆ ಹಾರಿಸಿದರೆ ಮಕ್ಕಳ ಮೇಲೆ ಹರಿಹಾಯುವ ನಾನು, ಆ ಪುಟ ತಿರುವದೆ ಸಹಿ ಹಾಕಿದ್ದೆ.

ಕೊನೆಯ ಬೆಂಚಿನಲ್ಲಿ ಲಗ್ಗೆರೆಯಿಂದ ಬರುವ ಒಬ್ಬ ಹುಡುಗಿ ಇದ್ದಳು. ಟೆಸ್ಟಿನಲ್ಲಿ ಇಪ್ಪತ್ತೈದಕ್ಕೆ ಇಪ್ಪತ್ತೆರಡು, ಇಪ್ಪತ್ಮೂರು ತೆಗೆಯುವಳು. ಹೋಂವರ್ಕ್ ಮಾತ್ರ ಸೊನ್ನೆ. ಯಾಕೆ ಮಾಡಿಲ್ಲ ಎಂದು ಕೇಳಿದರೆ "ಆ ಲೆಕ್ಕ ಬರುತ್ತೆ ಮಿಸ್" ಅನ್ನುವಳು. ಆ ಮಾತು ಕೇಳಿದರೆ ನನಗೆ ಪಿತ್ತ ನೆತ್ತಿಗೇರುತ್ತಿತ್ತು. ಆಮೇಲೆ ನಾನು ಅವಳ ಪರವಾಗಿ ಕಾರಣ ಹುಡುಕಿದ್ದುಂಟು: ಮನೆಯಲ್ಲಿ ಯಾರಿಗಾದರೂ ಕಾಯಿಲೆಯಿತ್ತೇ, ಕೂತು ಬರೆಯಲು ಜಾಗವಿರಲಿಲ್ಲವೇ ಎಂದು. ಅಂಥದ್ದೇನೂ ಇರಲಿಲ್ಲ. ಟಿವಿ ನೋಡುತ್ತಿದ್ದಳು, ತಂಗಿಯ ಜೊತೆ ಜಗಳ ಆಡುತ್ತಿದ್ದಳು. ಬರುವ ಲೆಕ್ಕವನ್ನೇ ಮತ್ತೆ ಮತ್ತೆ ಬರೆಯಲು ಬೇಜಾರು, ಅಷ್ಟೆ. ನನಗೂ ಅದನ್ನು ಓದಲು ಬೇಜಾರೇ. ಎಷ್ಟೋ ನೋಟ್‌ಬುಕ್‌ಗಳಿಗೆ ಸುಮ್ಮನೆ ಟಿಕ್ ಹಾಕಿ ಕಳಿಸಿದ್ದೇನೆ.

ಆಗಸ್ಟಿನ ಒಂದು ಮಧ್ಯಾಹ್ನ ಅವಳ ಅಪ್ಪ ಅವಳನ್ನು ಕರೆದುಕೊಂಡು ಸ್ಟಾಫ್ ರೂಮಿಗೆ ಬಂದರು. ಪೀಣ್ಯದ ಯಾವುದೋ ಶೆಡ್ಡಿನಲ್ಲಿ ಲೇತ್ ಮೆಷಿನ್ ಓಡಿಸುವವರು. ಚಪ್ಪಲಿಯನ್ನು ಬಾಗಿಲಾಚೆ ಬಿಟ್ಟು ಒಳಗೆ ಬಂದು, ಕೂರಿ ಎಂದರೂ ಕೂರದೆ ಫೋನನ್ನು ನನ್ನ ಮುಂದೆ ಹಿಡಿದರು. ನಿಮ್ಮ ಮಗಳು ಇಂದು ಶಾಲೆಗೆ ಗೈರುಹಾಜರು. ಒಂದರ ಕೆಳಗೊಂದು ಹದಿನಾಲ್ಕು ಮೆಸೇಜು.

"ನಾನೇ ಗೇಟ್ ತನಕ ಬಿಟ್ಟು ಹೋಗ್ತೀನಿ ಮಿಸ್. ಒಳಗೆ ಹೋಗೋದು ನೋಡ್ತೀನಿ. ಹತ್ತೂವರೆಗೆ ನೋಡಿದ್ರೆ ಮೆಸೇಜ್ ಬಂದಿರುತ್ತೆ. ಹಿಂದಿನ ಗೇಟಿಂದ ಆಚೆ ಹೋಗ್ತಾಳೇನೋ ಅಂತ ಒಂದಿನ ಶಿಫ್ಟ್ ಬಿಟ್ಟು ಅಲ್ಲೇ ನಿಂತಿದ್ದೆ. ಆಚೆ ಬರ್ಲೇ ಇಲ್ಲ. ಆದ್ರೂ ಮೆಸೇಜ್ ಬಂತು. ಗೋಡೆ ಏನಾದ್ರೂ ಹಾರ್ತಾಳಾ ಮಿಸ್?"

ನನಗೆ ಎಲ್ಲವೂ ಆ ಕ್ಷಣಕ್ಕೇ ಅರ್ಥವಾಯಿತು. ಅರ್ಥವಾಗಲಿಲ್ಲ ಎಂದು ಹೇಳಿಕೊಳ್ಳುವ ಸೌಭಾಗ್ಯವೂ ನನಗಿಲ್ಲ.

"ಕ್ಲಾಸಲ್ಲೇ ಇದ್ದೆ ಅಂತ ಆಣೆ ಇಡ್ತಾಳೆ," ಎಂದರು ಅವರು. "ಸ್ಕೂಲ್ನೋರು ಸುಳ್ಳು ಬರೀತಾರೇನೇ ಅಂತ ಎರಡು ಬಾರಿಸ್ದೆ. ಯಾರ್ ಜೊತೆ ಸುತ್ತುತ್ತಾಳೋ ಗೊತ್ತಿಲ್ಲ. ಸುಮ್ನೆ ಸ್ಕೂಲ್ ಬಿಡ್ಸಿ ಅಜ್ಜಿ ಮನೆಗೆ ಕಳಿಸ್ಬಿಡೋಣ ಅಂತಿದೀನಿ."

ಹುಡುಗಿ ನನ್ನನ್ನೇ ನೋಡುತ್ತಿದ್ದಳು. ಮಿಸ್ ಹೋಂವರ್ಕಿಗೆ ಆಬ್ಸೆಂಟ್ ಹಾಕ್ತಾರೆ ಅಪ್ಪ ಎಂದು ಅವಳು ಮನೆಯಲ್ಲಿ ಹೇಳಿರಲೇಬೇಕು. ಹಾಗೂ ಉಂಟೇ ಎಂದು ಅವರು ನಂಬಿರಲಿಕ್ಕಿಲ್ಲ. ಈಗ ನಾನೇ ಹೇಳುತ್ತೇನೆಂದು ಕಾಯುತ್ತಿದ್ದಳು. ಪಕ್ಕದ ಮೇಜುಗಳಲ್ಲಿ ಮೂವರು ಟೀಚರುಗಳು ಪೇಪರ್ ತಿದ್ದುವುದನ್ನು ನಿಲ್ಲಿಸಿದ್ದರು. ಇಪ್ಪತ್ತೆರಡು ವರ್ಷದಿಂದ ಶಿಸ್ತಿನ ಮಿಸ್ ಎನ್ನಿಸಿಕೊಂಡವಳು ನಾನು. ನನ್ನ ಬಾಯಿಂದ ಬಂದದ್ದು ಇಷ್ಟು:

"ವಯಸ್ಸು ಹಾಗಿದೆ ನೋಡಿ. ಸ್ವಲ್ಪ ಗಮನ ಇಟ್ಟಿರಿ. ಸ್ಕೂಲ್ ಮಾತ್ರ ಬಿಡಿಸ್ಬೇಡಿ."

ಕೊನೆಯ ಮಾತು ಸೇರಿಸಿದ್ದರಿಂದ ಅವಳಿಗೆ ಉಪಕಾರ ಮಾಡಿದೆ ಎಂದು ನನಗೆ ನಾನೇ ಹೇಳಿಕೊಂಡೆ. ಅವಳು ಕಣ್ಣು ತಗ್ಗಿಸಿದಳು. ಅಪ್ಪ ನನಗೆ ಕೈ ಮುಗಿದು, ಅವಳ ರಟ್ಟೆ ಹಿಡಿದು ಕರೆದುಕೊಂಡು ಹೋದರು.

ಮರುದಿನ ಅವಳು ಬರಲಿಲ್ಲ. ಅವಳ ಹೆಸರಿನ ಮುಂದೆ ಮೊದಲ ಸಲ ನಿಜವಾದ 'ಎ' ಬರೆದೆ. ಅದರ ಮರುದಿನವೂ ಬರೆದೆ. ಮೂರನೆಯ ದಿನ ಶನಿವಾರ, ಅರ್ಧ ದಿನದ ಸ್ಕೂಲು. ಅವತ್ತು ಹಾಜರಿ ಪುಸ್ತಕದಲ್ಲಿ ಅವಳ ಮನೆಯನ್ನು ಖಾಲಿ ಬಿಟ್ಟೆ. ಸ್ಕೂಲು ಬಿಟ್ಟೊಡನೆ ಚಂದ್ರಾ ಲೇಔಟಿನ ಮನೆಯ ಕಡೆ ತಿರುಗಬೇಕಾದ ಸ್ಕೂಟರನ್ನು ನಂದಿನಿ ಲೇಔಟಿನ ಕಡೆ ತಿರುಗಿಸಿದೆ. ದಾರಿಯುದ್ದಕ್ಕೂ ಮಾತು ಜೋಡಿಸಿದೆ. ಕಂಪ್ಯೂಟರಿನ ತಪ್ಪು ಎನ್ನಬಹುದು, ಆಫೀಸಿನವರ ತಪ್ಪು ಎನ್ನಬಹುದು. ಲಗ್ಗೆರೆ ತಲುಪುವ ಹೊತ್ತಿಗೆ ಹೇಸಿಗೆಯಾಗಿ ಅವೆಲ್ಲ ಬಿಟ್ಟೆ.

ಅವಳ ಅಪ್ಪ ಶನಿವಾರದ ಅರ್ಧ ಶಿಫ್ಟ್ ಮುಗಿಸಿ ಬಂದು, ಮನೆಯ ಮುಂದಿನ ನಲ್ಲಿಯ ಹತ್ತಿರ ಸೋಪಿನ ಪುಡಿ ಹಾಕಿ ಕೈಯ ಆಯಿಲ್ ಉಜ್ಜುತ್ತಿದ್ದರು. ಹುಡುಗಿ ಬಾಗಿಲಲ್ಲಿ ಕೂತು ಹುರುಳಿಕಾಯಿ ಬಿಡಿಸುತ್ತಿದ್ದಳು. ನಾನು ಸ್ಕೂಟರಿನಿಂದ ಇಳಿದು, ನಿಂತಲ್ಲೇ ಹೇಳಿದೆ.

"ಅವಳು ಎಲ್ಲೂ ಹೋಗಿಲ್ಲ. ದಿನಾ ಕ್ಲಾಸಲ್ಲೇ ಇದ್ಲು. ಹೋಂವರ್ಕ್ ತಂದಿಲ್ಲ ಅಂತ ನಾನೇ ಆಬ್ಸೆಂಟ್ ಹಾಕ್ತಿದ್ದೆ."

"ಅಂದ್ರೆ, ಇದ್ಲಾ?"

"ಇದ್ಲು."

"ದಿನಾನೂ?"

"ದಿನಾನೂ. ನೀವು ಬಂದಾಗ್ಲೇ ಹೇಳ್ಬೇಕಿತ್ತು. ಮಾನ ಹೋಗುತ್ತೆ ಅಂತ ಹೇಳ್ಲಿಲ್ಲ. ತಪ್ಪಾಯ್ತು."

ಅವರು ನಲ್ಲಿ ನಿಲ್ಲಿಸಿದರು. ಅವರು ಮಗಳ ತಲೆ ಸವರಲು ಒದ್ದೆ ಕೈ ಚಾಚಿದರು. ಅವಳು ತಲೆಯನ್ನು ಪಕ್ಕಕ್ಕೆ ಸರಿಸಿಕೊಂಡು ಹುರುಳಿಕಾಯಿಯ ನಾರು ತೆಗೆಯುತ್ತಲೇ ಇದ್ದಳು.

"ಒಳಗೆ ಹೋಗಿದ್ದನ್ನ ಕಣ್ಣಾರೆ ನೋಡಿದ್ದೆ ಮಿಸ್," ಎಂದರು. "ಆದ್ರೂ ನಿಮ್ಮನ್ನೇ ನಂಬಿದೆ."

ಸೋಮವಾರ ಅವಳು ಬಂದಳು. ಹೆಡ್‌ಮಿಸ್ಟ್ರೆಸ್ಸಿಗೆ ಎಲ್ಲ ಹೇಳಿ ಮೆಮೊ ತೆಗೆದುಕೊಂಡೆ. ಹದಿನಾಲ್ಕೂ ದಿನದ ಹಾಜರಿಯನ್ನು ಆಫೀಸಿನಲ್ಲಿ ಕೂತು ತಿದ್ದಿಸಿದೆ. ಕ್ಲಾಸಿನೆದುರು ನಿಂತು ಆ ಕಾನೂನು ಇನ್ನಿಲ್ಲ ಎಂದೆ, ಯಾಕೆಂಬುದನ್ನೂ ಹೇಳಿದೆ. ಆಟಕ್ಕುಂಟು ಲೆಕ್ಕಕ್ಕಿಲ್ಲ ಎಂದಾಗ ನಗುತ್ತಿದ್ದ ಮಕ್ಕಳು ಅವತ್ತು ನಗಲಿಲ್ಲ.

ಅವಳು ಈಗಲೂ ಹೋಂವರ್ಕ್ ವಾರಕ್ಕೆರಡು ದಿನ ಮಾಡಿದರೆ ಹೆಚ್ಚು. ಆದರೆ ಹಾಜರಿ ಮುಗಿದೊಡನೆ ಕೊನೆಯ ಬೆಂಚಿನಿಂದ ಎದ್ದು ನನ್ನ ಮೇಜಿನ ಹತ್ತಿರ ಬರುತ್ತಾಳೆ. ನಾನು ಹಾಜರಿ ಪುಸ್ತಕವನ್ನು ಅವಳ ಕಡೆ ತಿರುಗಿಸುತ್ತೇನೆ. ತನ್ನ ಹೆಸರಿನ ಸಾಲಿನ ಮೇಲೆ ಬೆರಳಿಟ್ಟು, ಅವತ್ತಿನ ತಾರೀಕಿನವರೆಗೆ ಎಳೆದು, ಅಲ್ಲಿ 'ಪಿ' ಇದೆಯೆಂದು ನೋಡಿಕೊಳ್ಳುತ್ತಾಳೆ. ಆಮೇಲೆ "ಥ್ಯಾಂಕ್ಯೂ ಮಿಸ್" ಎಂದು ಹೇಳಿ ಹೋಗಿ ಕೂರುತ್ತಾಳೆ. ಒಂದು ದಿನವೂ ತಪ್ಪಿಸಿಲ್ಲ.